ಹೋಳಿಗೆ ಬಿಟ್ಟ ನಲವತ್ತು ದಿನ

ಆಗಿನ ಬನಹಟ್ಟಿಯ ನಮ್ಮ ಓಣಿಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಮನೆಮನೆಗೂ ಪವರ್‌ಲೂಮು. ಕರೆಂಟ್ ಬಂತೆಂದರೆ ಸಾಕು, ಎಲ್ಲವೂ ಒಮ್ಮೆಲೇ ಖಟಖಟ ಶುರುಮಾಡುತ್ತಿದ್ದವು. ಆ ಸದ್ದಿನಲ್ಲಿ ಚಹಾಕ್ಕೆ ಕರೆಯುವುದೂ ಕೂಗಿ, ಜಗಳವಾಡುವುದೂ ಕೂಗಿ, ಮಕ್ಕಳನ್ನು ಮುದ್ದು ಮಾಡುವುದೂ ಕೂಗಿ. ಹೀಗಾಗಿ ಯಾರ ಮನೆಯ ಸಾರಿಗೆ ಉಪ್ಪು ಕಡಿಮೆ ಬಿತ್ತು ಎಂಬುದು ಓಣಿಗೆಲ್ಲ ತಿಳಿದಿರುತ್ತಿತ್ತು. ಅಂಥ ಓಣಿಯಲ್ಲಿ ಹತ್ತು ವರ್ಷದ ನಾನು ಒಂದು ಗುಟ್ಟು ಮುಚ್ಚಿಡಲು ಹೊರಟಿದ್ದೆ. ನೆನೆದರೆ ಈಗಲೂ ನಗು ಬರುತ್ತದೆ, ಅದರ ಹಿಂದೆಯೇ ಸ್ವಲ್ಪ ನಾಚಿಕೆಯೂ ಬರುತ್ತದೆ.

ನಾವು ಕ್ರೈಸ್ತರು. ಅಪ್ಪ ಮಗ್ಗ ರಿಪೇರಿಯ ಮಿಸ್ತ್ರಿ. ಜಮಖಂಡಿಯಲ್ಲಿದ್ದಾಗ ನಮ್ಮ ಸುತ್ತ ನಮ್ಮವರದೇ ನಾಲ್ಕಾರು ಮನೆಗಳಿದ್ದವು. ಅಲ್ಲಿ ಕ್ರೈಸ್ತಳಾಗಿರಲು ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆ ವರ್ಷ ಸಂಕ್ರಮಣ ಮುಗಿದ ಮೇಲೆ ಅಪ್ಪ ಕೆಲಸ ಹೆಚ್ಚು ಸಿಗುವ ಬನಹಟ್ಟಿಗೆ ಮನೆ ಬದಲಿಸಿದರು. ಹೊಸ ಓಣಿಯಲ್ಲಿ ಯೇಸುವಿನ ಪಟ ಇದ್ದದ್ದು ನಮ್ಮದೊಂದೇ ಮನೆಯಲ್ಲಿ. ನನ್ನ ಹೆಸರು ವಿಮಲಾ. ಹೆಸರಿನಿಂದ ಏನೂ ಗುರುತು ಹತ್ತುತ್ತಿರಲಿಲ್ಲ. ಎದುರು ಮನೆಯ ಮಹಾದೇವಿ ಮೊದಲ ದಿನವೇ ನನ್ನನ್ನು ಕಲ್ಲಾಟಕ್ಕೆ ಕರೆದಳು. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ಆಟಕ್ಕೆ ಕರೆಯುವುದನ್ನು ಬಿಡುತ್ತಾಳೋ ಎಂಬ ಅಂಜಿಕೆ ನನಗೆ. ಹಾಗೆ ಹೆದರಿಸಿದವರು ಯಾರೂ ಇರಲಿಲ್ಲ. ಹೆದರಿಕೆಯನ್ನು ನಾನೇ ಹುಟ್ಟಿಸಿ, ನಾನೇ ಸಾಕಿಕೊಂಡಿದ್ದೆ.

ಪ್ರತಿ ರವಿವಾರ ಬಸ್ಸಿನಲ್ಲಿ ಜಮಖಂಡಿಯ ಆರಾಧನೆಗೆ ಹೋಗುತ್ತಿದ್ದೆವು. ಅಲ್ಲಿ ಸಂಡೇ ಸ್ಕೂಲಿನ ಸುಗಂಧಾ ಟೀಚರ್ ಈಸ್ಟರಿಗೆ ಮುಂಚಿನ ನಲವತ್ತು ದಿನ, ಅಂದರೆ ಲೆಂಟಿನಲ್ಲಿ, ಒಂದೊಂದು ಮಗುವಿನಿಂದಲೂ ಪ್ರೀತಿಯ ವಸ್ತುವೊಂದನ್ನು ಬಿಡಿಸುತ್ತಿದ್ದರು. ಒಬ್ಬಳು ಟಿವಿ ಬಿಟ್ಟಳು. ಇನ್ನೊಬ್ಬಳು ತಮ್ಮನನ್ನು ಚಿವುಟುವುದನ್ನು ಬಿಟ್ಟಳು. ನಾನು ಎದ್ದು ನಿಂತು ಸಿಹಿ ಬಿಡುತ್ತೇನೆ ಎಂದುಬಿಟ್ಟೆ. ಹಿಪ್ಪರಗಿಯ ಕಡೆಯಿಂದ ಬೆಲ್ಲದ ಪೆಂಟೆ ಮನೆಮನೆಗೆ ಬರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಸಾಲದ್ದಕ್ಕೆ ಲೆಂಟಿನ ನಡುವೆಯೇ ಹೋಳಿ ಹುಣ್ಣಿಮೆ, ರಂಗಪಂಚಮಿ, ಯುಗಾದಿ ಒಂದರ ಹಿಂದೊಂದು ಬಂದು ಕೂರುತ್ತವೆ. ಸಿಹಿ ಬಿಟ್ಟವರನ್ನು ಕಾಡಲು ಇದಕ್ಕಿಂತ ಒಳ್ಳೆಯ ಪಂಚಾಂಗ ಇನ್ನೊಂದಿಲ್ಲ.

ಅದೇ ದಿನ ಟೀಚರ್ ಪೇತ್ರನ ಕಥೆ ಹೇಳಿದರು. ಯೇಸುವನ್ನು ಹಿಡಿದುಕೊಂಡು ಹೋದಾಗ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ನಿಂತಿದ್ದ ಅವನ ಶಿಷ್ಯ ಪೇತ್ರ, ನಾನು ಅವನ ಶಿಷ್ಯನಲ್ಲ, ಅವನನ್ನು ಅರಿಯೆ ಎಂದು ಮೂರು ಸಲ ಹೇಳಿದ, ಆಮೇಲೆ ಯೇಸು ಮೊದಲೇ ಎಚ್ಚರಿಸಿದ್ದಂತೆ ಕೋಳಿ ಕೂಗಿತು. ನನಗೆ ಪೇತ್ರನ ಮೇಲೆ ಸಿಟ್ಟು ಬಂತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಪ್ರಾಣ ಹೋದರೂ ಹಾಗೆ ಹೇಳುತ್ತಿರಲಿಲ್ಲ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿದೆ. ಟೀಚರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಪೇತ್ರಾನೂ ಹಿಂಗs ಅಂದಿದ್ದ, ಕುಂಡ್ರು," ಎಂದರು.

ಹೋಳಿ ಹುಣ್ಣಿಮೆ ಬಂತು. ಓಣಿಯ ತುಂಬ ಹಲಗೆಯ ಬಡಿತ, ಮಹಾದೇವಿಯ ಮನೆಯ ತುಂಬ ಹೋಳಿಗೆಯ ವಾಸನೆ. ಅವಳ ಅಜ್ಜಿ ಗೌರವ್ವನನ್ನು ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು. ಮನೆಯಲ್ಲಿದ್ದ ಎರಡು ಮಗ್ಗಕ್ಕೂ, ಮೂರು ಸೊಸೆಯರಿಗೂ ಅವಳೇ ಯಜಮಾನಿ. ಆಯಿ ನನ್ನನ್ನು ಮಹಾದೇವಿಯ ಪಕ್ಕ ಕೂರಿಸಿ, ತವೆಯಿಂದ ಇಳಿದ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು ಮುಂದಿಟ್ಟಳು. ಈಗ ಹೇಳಬೇಕಿದ್ದದ್ದು ಒಂದೇ ಮಾತು: ನಾವು ಕ್ರೈಸ್ತರು, ನನಗೆ ಈಗ ಉಪವಾಸ.

ಹೊಟ್ಟೆನೋವು ಎಂದೆ. ಆಯಿ ಒಂದು ಹಿಡಿ ಅಜವಾನ, ಮೇಲೊಂದಿಷ್ಟು ಉಪ್ಪು ಬಾಯಿಗೆ ಹಾಕಿ, ಜಗಿದು ಮುಗಿಯುವವರೆಗೂ ಎದುರಿಗೇ ನಿಂತಳು. ಮಹಾದೇವಿ ನನ್ನ ಪಾಲಿನ ಹೋಳಿಗೆಯನ್ನೂ ತಿಂದು ತೇಗಿದಳು. ರಂಗಪಂಚಮಿಗೆ ಬಣ್ಣ ಆಡಿ ಬಂದಾಗ ಕರಿಗಡುಬು ಬಂತು. ಹೊಟ್ಟೆನೋವು ಹೇಳಿದರೆ ಮತ್ತೆ ಅಜವಾನ. ಅದಕ್ಕೆ ಹಲ್ಲುನೋವು ಎಂದೆ. ಆಯಿ ಲವಂಗ ತಂದು ಇಲ್ಲದ ನೋವಿನ ಮೇಲೆ ಒತ್ತಿಹಿಡಿದಳು. ಕಣ್ಣಲ್ಲಿ ನೀರು ಬಂತು. ಪಾಪ, ಕೂಸಿಗೆ ಎಷ್ಟು ನೋವು ಎಂದು ಆಯಿಯೂ ಮರುಗಿದಳು.

ಆದರೆ ಒಳಗೊಳಗೇ ನನಗೆ ಭಾರಿ ಹೆಮ್ಮೆ. ಎರಡು ಹಬ್ಬ ದಾಟಿದ್ದೆ, ಒಂದು ಚೂರು ಸಿಹಿಯೂ ನಾಲಿಗೆಗೆ ತಾಗಿರಲಿಲ್ಲ. ಯಾರಿಗಾಗಿ ಸಿಹಿ ಬಿಟ್ಟಿದ್ದೆನೋ ಅವನನ್ನೇ ಹೊಟ್ಟೆನೋವಿನ ಹಿಂದೆ, ಹಲ್ಲುನೋವಿನ ಹಿಂದೆ ಬಚ್ಚಿಟ್ಟಿದ್ದೇನೆ ಎಂದು ಹೊಳೆಯಲೇ ಇಲ್ಲ. ಉಪವಾಸ ಉಳಿಸಿಕೊಂಡು ದೇವರನ್ನು ಬಿಟ್ಟುಕೊಟ್ಟ ಜಾಣೆ ನಾನು.

ಯುಗಾದಿಯ ಬೆಳಿಗ್ಗೆ ಆಯಿ ಎಲ್ಲರಿಗೂ ಬೇವು ಹಂಚುತ್ತಿದ್ದಳು. ನಮ್ಮ ಕಡೆ ಬೇವೆಂದರೆ ಕುಡಿಯುವಂಥದ್ದು. ಬೇವಿನ ಹೂವು ಹೆಸರಿಗೆ ಮಾತ್ರ, ಉಳಿದದ್ದೆಲ್ಲ ಬೆಲ್ಲ, ಪುಟಾಣಿ ಹಿಟ್ಟು, ಒಣದ್ರಾಕ್ಷಿ. ನಾನು ಬೇಡವೆಂದು ತಲೆಯಾಡಿಸಿದೆ. ವರ್ಷದ ಮೊದಲ ದಿನ ಬೇವು ಬೇಡ ಎನ್ನುವ ಹುಡುಗಿಯನ್ನು ಆಯಿ ಅದುವರೆಗೆ ಕಂಡಿರಲಿಲ್ಲ. ಈ ಕೂಸಿಗೆ ಏನೋ ದೊಡ್ಡ ಬ್ಯಾನಿಯೇ ಇರಬೇಕು, ಇದರಪ್ಪನಿಗೆ ಹೇಳಿ ಡಾಕ್ಟರ್ ಹತ್ತಿರ ಕಳಿಸಬೇಕು ಎಂದು ಅವಳು ಸೊಸೆಯರಿಗೆ ಹೇಳತೊಡಗಿದಳು. ಹಬ್ಬಕ್ಕೆ ಮುಧೋಳದಿಂದ ಬಂದಿದ್ದ ಮಹಾದೇವಿಯ ಸೋದರತ್ತೆ ಪಡಸಾಲೆಯಲ್ಲಿ ಕುಳಿತಿದ್ದಳು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಕಿ ಮಿಸ್ತ್ರಿ ಮಗಳಲ್ಲೇನ? ಏಸುವಿನ ಮಂದಿ ಇರಬೇಕು. ಅವರು ಈ ದಿನದಾಗ ಉಪಾಸ ಮಾಡತಾರ."

ಹಬ್ಬವೆಂದು ಮಗ್ಗಗಳು ನಿಂತಿದ್ದವು. ಮನೆಯಲ್ಲಿ ಸದ್ದೇ ಇರಲಿಲ್ಲ. ಮಹಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಲ್ರಿ," ಎಂದೆ. "ನಾವು ಅವರಲ್ರಿ."

ಕೋಳಿ ಏನೂ ಕೂಗಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಮಾತು ಬಾಯಿಂದ ಬಿದ್ದ ಕೂಡಲೇ ಅಂಗಳ, ಬೆಂಕಿ, ಪೇತ್ರ ಎಲ್ಲ ಕಣ್ಣಿಗೆ ಕಟ್ಟಿ ಕಿವಿ ಕಾದುಹೋದವು. ಆಯಿ ಬೇವಿನ ಪಾತ್ರೆಯನ್ನು ಕೆಳಗಿಟ್ಟು ನನ್ನೆದುರು ಬಂದು ಕುಕ್ಕರಗಾಲಲ್ಲಿ ಕುಳಿತಳು.

"ನಿಮ್ಮಪ್ಪ ನಮ್ಮ ಮಗ್ಗಾ ರಿಪೇರಿ ಮಾಡಿ, ಚಾಲೂ ಮಾಡೂ ಮುಂದ, ಅದರ ಮ್ಯಾಲ ಕೈ ಇಟ್ಟು ಏಸಪ್ಪನ ಹೆಸರು ತಗೋತಾನ. ನನ್ನ ಮುಂದನs ತಗೋತಾನ. ಅವನ ಮಗಳಾಗಿ ನೀ ಅಲ್ಲ ಅಂತಿಯಲ್ಲ, ನಿಮ್ಮ ದೇವರು ನಿನಗೇನ ಕೆಟ್ಟ ಮಾಡ್ಯಾನ ಬೇ, ಅವನ ಹೆಸರು ಹೇಳಾಕ ನಾಚತೀ?"

ನನಗೆ ಅಳು ಬಂತು. ಆಯಿಗೆ ಎಲ್ಲ ಮೊದಲೇ ಗೊತ್ತಿತ್ತು. ಮಹಾದೇವಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದಿದ್ದದ್ದು ನಾನು ಅದನ್ನು ಮುಚ್ಚಿಡುತ್ತಿದ್ದೇನೆ ಎಂಬುದೊಂದೇ. ಅಪ್ಪನಿಗೆ ಹೇಳಬೇಡಿ ಎಂದು ಆಯಿಯ ಸೆರಗು ಹಿಡಿದೆ. ನಾ ಯಾಕೆ ಹೇಳಲಿ, ನೀನೇ ಹೇಳುತ್ತೀ ಎಂದವಳೇ ಕಿವಿ ಹಿಡಿದು ಓಣಿ ದಾಟಿಸಿ ನಮ್ಮ ಮನೆಗೆ ಕರೆದುಕೊಂಡು ಹೋದಳು. ಅಪ್ಪನ ಮುಂದೆ ನನ್ನನ್ನು ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತು ಎಲೆಅಡಿಕೆ ಚೀಲ ಬಿಚ್ಚಿದಳು.

ಹೊಟ್ಟೆನೋವಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಪ್ಪನ ಮುಖ ನೋಡುವ ಧೈರ್ಯವಿರಲಿಲ್ಲ. ಎಣ್ಣೆ ಕಲೆಯ ಅವರ ಪಾದಗಳನ್ನೇ ನೋಡುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು, ಆ ಪಾದಗಳು ಯೇಸುವಿನ ಪಟವಿದ್ದ ಗೋಡೆಯ ಕಡೆ ತಿರುಗಿ ನಿಂತವು. ನನ್ನಿಂದ ಅವರಿಗೆ ನೋವಾಯಿತು ಎಂದು ಆಗ ಗೊತ್ತಾಯಿತು. ಕೊನೆಗೆ ಕೇಳಿದರು, "ಮೂರs ಸಲಾ ಏನು?"

ಹೂಂ ಎಂದೆ. "ಹಂಗಾರ ಬರಾಬರ್ ಪೇತ್ರನಷ್ಟs ಆತು," ಎಂದರು ಅಪ್ಪ. ನಗು ತಡೆಯಲು ನೋಡಿದರು, ಆಗಲಿಲ್ಲ. ಕಟ್ಟೆಯ ಮೇಲಿದ್ದ ಆಯಿಗೆ ಪೇತ್ರ ಯಾರೆಂದು ಗೊತ್ತಿರಲಿಲ್ಲ, ಆದರೂ ಅವಳೂ ನಕ್ಕಳು.

ಆಮೇಲೆ ಅಪ್ಪ ತಮ್ಮದೊಂದು ಸಂಗತಿ ಹೇಳಿದರು. ಬನಹಟ್ಟಿಗೆ ಬಂದ ಹೊಸತರಲ್ಲಿ ಅವರೂ ಎಂಟು ದಿನ ತುಟಿ ಬಿಚ್ಚದೆ ಮನಸ್ಸಿನಲ್ಲೇ ಪ್ರಾರ್ಥಿಸಿ ಮಗ್ಗ ಚಾಲೂ ಮಾಡಿದ್ದರಂತೆ. ಮಗ್ಗ ಸರಿಯಾಗಿಯೇ ಓಡಿತು, ಅವರಿಗೆ ಮಾತ್ರ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಆಯಿಯ ಮಗ್ಗದ ಮುಂದೆ ಬಾಯಿಬಿಟ್ಟು ಹೇಳಿದರು. ಯಾರನ್ನು ಕರೆದಿ ಎಂದು ಆಯಿ ಕೇಳಿದಳು. ನಮ್ಮ ಯೇಸುವನ್ನು ಎಂದರು ಅಪ್ಪ. ಛಲೋ ಆತು, ಈ ಮುರುಕು ಮಗ್ಗಕ್ಕೆ ಎಷ್ಟು ದೇವರಿದ್ದರೂ ಕಡಿಮೆಯೇ ಎಂದಿದ್ದಳಂತೆ ಆಯಿ.

"ಬೀಳೂದು ಎಲ್ಲಾರೂ ಬೀಳತೀವಿ ಮಗಳ," ಎಂದರು ಅಪ್ಪ. "ಯೇಸುನ್ನ ಹಿಡದುಕೊಟ್ಟ ಯೂದ ಬಿದ್ದಲ್ಲೇ ಉಳದ, ಪೇತ್ರ ಅಳಕೋತ ತಿರುಗಿ ಬಂದ. ದೊಡ್ಡ ಆಣಿ ಮಾಡಬ್ಯಾಡ. ದಿನಾ ಸಣ್ಣ ಮಾತಿನ್ಯಾಗ ಹೌದು ಅನ್ನೂದು ರೂಢಿ ಮಾಡ್ಕೋ. ಈಗ ಹೋಗಿ ಅವರಿಗೆ ಹೇಳಿ ಬಾ."

ಆಯಿಯ ಹಿಂದೆ ಮತ್ತೆ ಓಣಿ ದಾಟಿದೆ. ನಾಲ್ಕು ಹೆಜ್ಜೆಯ ಓಣಿ ಆ ದಿನ ಗಲಗಲಿಯ ಹೊಳೆಯಷ್ಟು ಅಗಲವಾಗಿತ್ತು. ಮುಧೋಳದ ಅತ್ತೆಯ ಮುಂದೆ ನಿಂತು, ಮಹಾದೇವಿಗೂ ಕೇಳುವಂತೆ, ನಾವು ಯೇಸುವಿನ ಮಂದಿಯೇ, ನಾನು ಆಗ ಸುಳ್ಳು ಹೇಳಿದೆ, ಈಸ್ಟರ್ ತನಕ ನಾನು ಸಿಹಿ ತಿನ್ನುವುದಿಲ್ಲ ಎಂದೆ. ಅತ್ತೆ, ಇಷ್ಟೇ ಏನು, ತಾನು ಶ್ರಾವಣದಲ್ಲಿ ತಿಂಗಳಿಡೀ ಉಳ್ಳಾಗಡ್ಡಿ ಬಿಡುತ್ತೇನೆ, ಅದು ಇನ್ನೂ ಕಷ್ಟ ಎಂದಳು. ಮಹಾದೇವಿಗೆ ಬೇರೆಯೇ ಚಿಂತೆ. ಈಸ್ಟರ್ ಬಂದರೆ ನನ್ನ ಪಾಲು ತನಗೆ ಸಿಗುವುದಿಲ್ಲವಲ್ಲ ಎಂದು ಅವಳ ಮುಖ ಸಣ್ಣದಾಯಿತು. ನಾನು ಎರಡು ತಿಂಗಳಿನಿಂದ ಸಾಕಿದ್ದ ಹೆದರಿಕೆಯ ಬೆಲೆ ಇಷ್ಟೇ ಆಗಿತ್ತು.

ಶುಭ ಶುಕ್ರವಾರ ಸುಗಂಧಾ ಟೀಚರ್ ಮತ್ತೆ ಕೇಳಿದರು, ಪೇತ್ರನ ಜಾಗದಲ್ಲಿದ್ದರೆ ಯಾರು ಗಟ್ಟಿಯಾಗಿ ನಿಲ್ಲುತ್ತಿದ್ದಿರಿ? ಏಳೆಂಟು ಕೈ ಎದ್ದವು. ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಿದ್ದೆ. ಆ ವರ್ಷ ಈಸ್ಟರ್ ಮಧ್ಯಾಹ್ನ ಆಯಿ, ತನ್ನ ಯಾವ ಹಬ್ಬವೂ ಇಲ್ಲದ ದಿನ, ನನಗೋಸ್ಕರ ತವೆ ಕಾಯಿಸಿದಳು. ಐದು ಹೋಳಿಗೆ ತಿಂದೆ. ಸಂಜೆ ನಿಜವಾಗಿಯೂ ಹೊಟ್ಟೆನೋವು ಬಂತು. ಯಾರೂ ನಂಬಲಿಲ್ಲ.

ಆಯಿ ಹೋಗಿ ಬಹಳ ವರ್ಷಗಳಾದವು. ನಾನೀಗ ಮುಧೋಳದಲ್ಲಿದ್ದೇನೆ. ನೆರೆಯವರು ಒಳ್ಳೆಯವರು. ನಾನು ಯಾರೆಂದು ಅವರಿಗೆ ಗೊತ್ತು, ಅವರು ಯಾರೆಂದು ನನಗೆ ಗೊತ್ತು. ಹಬ್ಬಕ್ಕೆ ಒಬ್ಬರಿಗೊಬ್ಬರು ಮೊಬೈಲಿನಲ್ಲಿ ಶುಭಾಶಯ ಕಳಿಸುತ್ತೇವೆ. ಅದರಾಚೆ ದೇವರ ಮಾತನ್ನೇ ಯಾರೂ ಎತ್ತುವುದಿಲ್ಲ. ಅದಕ್ಕೆ ಮರ್ಯಾದೆ ಎಂದು ಹೆಸರು. ಒಮ್ಮೊಮ್ಮೆ ಯಾವುದೋ ಸಭೆಯಲ್ಲಿ, ಯಾವುದೋ ಮಾತಿನಲ್ಲಿ, ನಾನು ಮತ್ತೆ ಸ್ವಲ್ಪ ಜಾರುತ್ತೇನೆ, ಹೇಳಬೇಕಾದಲ್ಲಿ ಸುಮ್ಮನಿರುತ್ತೇನೆ. ಯಾರೂ ಗಮನಿಸುವುದಿಲ್ಲ, ನನ್ನನ್ನು ನಾನೇ ಹಿಡಿಯಬೇಕು. ನಂಬಿಕೆ ಕಾಯಲು ಪ್ರಾರ್ಥನೆ ಇದೆ, ಬೈಬಲ್ ಇದೆ, ಚರ್ಚಿನ ಸಭೆಯಿದೆ. ನಾನು ನನ್ನ ದೇವರನ್ನು ಬಿಟ್ಟುಕೊಟ್ಟೆನೆಂದು ನೊಂದುಕೊಂಡು, ಸಲಿಗೆಯಿಂದ ಕಿವಿ ಹಿಂಡುವ ಬೇರೆ ದೇವರ ಮುದುಕಿ ಮಾತ್ರ ನನ್ನ ಓಣಿಯಲ್ಲಿ ಈಗ ಒಬ್ಬಳೂ ಇಲ್ಲ.