ಒಂಬತ್ತನೇ ಮಹಡಿಯಲ್ಲಿ ಮಗ್ಗದ ಗುಂಡಿ

ಮೊಳಕಾಲ್ಮೂರಿನ ಮನೆಯಲ್ಲಿ ನಮ್ಮ ಕೊನೆಯ ಮಾಮೂಲಿ ದಿನ ಯಾವುದೆಂದು ಯಾರಾದರೂ ಕೇಳಿದರೆ, ನನ್ನ ಹೆಂಡತಿ ಮಂಗಳೂರಿಗೆ ಹೊರಟ ಹಿಂದಿನ ದಿನ ಎನ್ನುತ್ತೇನೆ. ಅವತ್ತು ಬೆಳಿಗ್ಗೆ ಎಂದಿನಂತೆ ಕಾಲು ತೊಳೆದುಕೊಂಡು ಇಬ್ಬರೂ ಮಗ್ಗಕ್ಕೆ ಕೂತೆವು. ನಮ್ಮದು ನೆಲದಲ್ಲಿ ಗುಂಡಿ ತೋಡಿ ಹೂಡಿದ ರೇಷ್ಮೆ ಮಗ್ಗ. ನೇಯುವವನು ಗುಂಡಿಯ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟು ತುಳಿಯಬೇಕು. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇದ್ದರೆ ಒಬ್ಬನ ಕೈ ಸಾಲುವುದಿಲ್ಲ. ನಾನು ಎಡಗಡೆಯಿಂದ ಲಾಳಿ ಎಸೆದರೆ, ಬಲಗಡೆಯ ಅಂಚಿನ ಲಾಳಿಯನ್ನು ಅವಳು ದಾಟಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೆಯೇ ನಡೆದಿತ್ತು. ನಾನು ಮಾತು ಕಡಿಮೆಯವನು. ಅವಳು ಲಾಳಿಯ ಜೊತೆಗೇ ಮಾತನ್ನೂ ದಾಟಿಸುತ್ತಿದ್ದಳು.

"ಒಂದು ಹೂಂ ಅಂತನಾದ್ರೂ ಅನ್ರಿ. ನಾನೇನು ಗೋಡೆ ಜೊತೆ ಮಾತಾಡ್ತಾ ಇದೀನಾ?"

"ಹೂಂ."

"ಲಾಳಿನೇ ವಾಸಿ. ಹೋಗ್ತಾ ಒಂದು, ಬರ್ತಾ ಒಂದು ಮಾತಾಡ್ತೈತೆ."

ಮಗಳು ಆಗ ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಹಾಸ್ಟೆಲಿನಲ್ಲಿದ್ದಳು. ಜ್ವರ ಬಂದಿದೆ ಎಂದು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಕ್ಕೆ ಇವಳು ರಾಗಿಹಿಟ್ಟು, ಕಡಲೆಕಾಯಿ ಚಟ್ನಿಪುಡಿ ಕಟ್ಟಿಕೊಂಡು ಹೊರಟಳು. ಅಲ್ಲಿಯವರೆಗೆ ಅವಳು ಸಮುದ್ರ ನೋಡಿರಲಿಲ್ಲ. ಐದನೆಯ ದಿನ ತಿರುಗಿ ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು.

"ಮನೆ ನೋಡ್ಕಂಡು ಬಂದೀನಿ."

"ಯಾರ ಮನೆ?"

"ನಮ್ಮನೆ."

ಚೀಲದಿಂದ ನುಣುಪಾದ ಬಣ್ಣದ ಕಾಗದ ತೆಗೆದಳು. ಅದರಲ್ಲಿ ಒಂದು ಎತ್ತರದ ಕಟ್ಟಡ, ಅದರ ಹಿಂದೆ ನೀಲಿ ನೀರು. ಒಂಬತ್ತನೇ ಮಹಡಿಯಲ್ಲಿ ಪಶ್ಚಿಮಕ್ಕೆ ಬಾಲ್ಕನಿ ಇರುವ ಫ್ಲ್ಯಾಟು. ಮಗಳ ಜೊತೆ ಹೋಗಿ ನೋಡಿದ್ದಳಂತೆ.

"ಕಟ್ಟಿರೋದು ಐದೇ ಮಹಡಿ. ಒಂಬತ್ತನೇದರಾಗೆ ಈಗ ಬರೀ ಗಾಳಿ ಐತೆ. ಆ ಗಾಳಿನೇ ಕೈ ಮಾಡಿ ತೋರಿಸಿದ್ರು. ನಂಗೆ ಹಿಡಿಸ್ತು."

ಎದುರು ಮನೆಯ ಅಜ್ಜಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, "ಅಂತ ಪೈನ ಎಲಾ ಉಂಟಾರಮ್ಮಾ" ಎಂದು ತೆಲುಗಿನಲ್ಲಿ ಕೇಳಿತು. ಅಷ್ಟು ಮೇಲೆ ಹೇಗಿರುತ್ತೀರಿ ಎಂದು. "ಕೆಳಗಿರೋ ಹಂಗೇ ಅಜ್ಜೀ" ಅಂದಳು ಇವಳು.

ಅವಳಿಗೆ ಮಗಳ ಜೊತೆ ಒಂದೇ ಸೂರಿನಡಿ ಇರಬೇಕಿತ್ತು, ಬೆಳಿಗ್ಗೆ ಎದ್ದರೆ ನೀರು ಕಾಣಬೇಕಿತ್ತು. ಇಷ್ಟು ವರ್ಷದಲ್ಲಿ ಅವಳು ತನಗೆಂದು ಕೇಳಿದ್ದು ಅದೊಂದೇ. ನಾನು ಹೇಳಿದ್ದೂ ಒಂದೇ ಮಾತು: ಮಗ್ಗ ಇಲ್ಲದ ಮನೆಯಲ್ಲಿ ನಾನು ಇರುವುದಿಲ್ಲ. ಹದಿಮೂರು ವರ್ಷದವನಿದ್ದಾಗ ಗುಂಡಿಗೆ ಕಾಲು ಬಿಟ್ಟವನು, ಬೇರೆ ಹೇಗೆ ದಿನ ಕಳೆಯುವುದೆಂದು ನನಗೆ ಗೊತ್ತಿರಲಿಲ್ಲ.

"ಮಗ್ಗ ಬಿಟ್ಟು ಬರ್ರಿ ಅಂತ ನಾನೆಲ್ಲಿ ಅಂದೆ? ಅಲ್ಲೇ ಗುಂಡಿ ತೋಡಿಸಾನ" ಎಂದಳು. ಅದು ನನಗೂ ಸರಿಯಾಗಿಯೇ ಕಂಡಿತು.

ಚಳ್ಳಕೆರೆಯಲ್ಲಿ ಅವಳ ತಂದೆ ಅವಳ ಹೆಸರಿಗೆ ಬರೆದುಕೊಟ್ಟ ಒಂದು ಸೈಟಿತ್ತು. ಅದನ್ನು ಮಾರುವ ವಿಷಯ ಹೇಳಲು ಅವಳ ಅಣ್ಣನ ಮನೆಗೆ ಹೋದೆವು. ಅವನು ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿ. ನನ್ನನ್ನು ಕೆಣಕದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ಏನ್ ಭಾವ, ಇಲ್ಲೇ ನನ್ನಿವಾಳದ ಹಳ್ಳಿ ಕಡೆ ಜನ ಕುರಿ ಹಿಂದೆ ಗುಡ್ಡ ಹತ್ತುತಾರೆ. ನೀನು ಯಾವ ಕುರಿ ಹಿಂದೆ ಒಂಬತ್ತು ಮಹಡಿ ಹತ್ತೀಯಪ್ಪಾ?"

"ನಾನೇ ಆ ಕುರಿ ಕಣಣ್ಣ. ಸುಮ್ನೆ ಸೈಟಿನ ಪತ್ರ ಕೊಡು" ಎಂದಳು ತಂಗಿ. ಕೊಟ್ಟ.

ಮಂಗಳೂರಿನಲ್ಲಿ ಮಗಳನ್ನೂ ಕರೆದುಕೊಂಡು ಮೂವರೂ ಆ ಕಟ್ಟಡಕ್ಕೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಕಟ್ಟಡದ ಕೆಳಗೆ ಒಂದು ತಗಡಿನ ಆಫೀಸು. ಇಂಜಿನಿಯರು ಎಳೆಯ ವಯಸ್ಸಿನವರು, ಮರ್ಯಾದಸ್ಥರು. ನಕ್ಷೆ ಬಿಡಿಸಿ, ಒಳಗೆ ಏನಾದರೂ ಬದಲಾವಣೆ ಬೇಕಿದ್ದರೆ ಈಗಲೇ ಹೇಳಿ, ಕೆಲವರು ದೇವರ ಕೋಣೆ ದೊಡ್ಡದು ಕೇಳ್ತಾರೆ ಎಂದರು. ನಾನು ಎದ್ದು ನಿಂತು ಕೈಯಲ್ಲಿ ಅಳತೆ ತೋರಿಸಿದೆ.

"ಈ ರೂಮಿನಾಗೆ ಒಂದು ಗುಂಡಿ ಬೇಕು ಸಾರ್. ಇಷ್ಟುದ್ದ, ಇಷ್ಟಗಲ. ಮೊಣಕಾಲು ಮುಳುಗೋ ಅಷ್ಟು ಆಳ."

"ಗುಂಡಿಯಾ? ಎಂತಕ್ಕೆ?"

"ಕಾಲು ಬಿಡಕ್ಕೆ."

ಅವರು ನನ್ನನ್ನೂ ನಕ್ಷೆಯನ್ನೂ ನೋಡಿದರು. "ಅದು ಎಂಟನೇ ಮಹಡಿಯವರ ಬೆಡ್‌ರೂಮಿನ ಒಳಗೆ ಬರ್ತದೆ ಮಾರಾಯ್ರೇ. ಅವರು ಮಲಗಿ ಮೇಲೆ ನೋಡಿದರೆ ನಿಮ್ಮ ಕಾಲು ಕಾಣ್ತದೆ."

ನನ್ನ ಹೆಂಡತಿ ಸ್ವಲ್ಪವೂ ಅಳುಕದೆ ಹೇಳಿದಳು: "ಕಾಲು ತೊಳ್ಕಂಡೇ ಕೂರೋದು ಸಾರ್. ಬೇಕಾದ್ರೆ ಅವರನ್ನ ನಾನೇ ಒಂದು ಮಾತು ಕೇಳ್ತೀನಿ."

ಮಗಳು ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಇಂಜಿನಿಯರೇ ಮೊದಲು ನಕ್ಕರು, ನಾವೂ ನಕ್ಕೆವು. ನಿಜ ಹೇಳಬೇಕೆಂದರೆ, ನೆಲದ ಕೆಳಗೆ ಮಣ್ಣಿಲ್ಲದ ಮನೆಯನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಮನೆಯ ಮೇಲೆ ಮನೆ ಎಂದರೆ ಪ್ರತಿ ಮನೆಗೂ ಅದರದೇ ನೆಲ ಇರುತ್ತದೆ ಎಂದುಕೊಂಡಿದ್ದೆವು.

ಊರಿಗೆ ಮರಳುವ ಬಸ್ಸಿನಲ್ಲಿ ನಾನು ಒಳಗೊಳಗೇ ಹಗುರಾಗಿದ್ದೆ. ಮನೆಯ ಮಾತು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಘಟ್ಟ ಹತ್ತಿ ಕಡೂರು ಬಂದರೂ ಅವಳು ಮಾತಾಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೇ ತಡೆಯಲಾಗದೆ, "ಏನಾರ ಮಾತಾಡೇ" ಎಂದೆ.

"ಯೋಚನೆ ಮಾಡ್ತಾ ಇದೀನಿ ತಡೀರಿ" ಎಂದಳು. ಹೊಸದುರ್ಗದ ಕ್ರಾಸ್ ದಾಟಿದ ಮೇಲೆ ನನ್ನ ಕಡೆ ತಿರುಗಿದಳು. "ನೆಲ ಕೆಳಗೆ ಇಳಿಯಲ್ಲ ಅಂದ್ರೆ ನಾವೇ ಮೇಲಕ್ಕೆ ಹತ್ತಾನ."

ಮರುವಾರ ಬಡಗಿಯನ್ನು ಕರೆಸಿ ನಮ್ಮ ಹಿತ್ತಲಿನಲ್ಲಿ ಮೊಣಕಾಲೆತ್ತರದ ಮರದ ಕಟ್ಟೆ ಮಾಡಿಸಿದಳು. ನಡುವೆ ಖಾಲಿ ಬಿಟ್ಟು, ಅದರ ಮೇಲೆ ಮಗ್ಗ ಹೂಡಿಸಿ, "ಕೂತು ನೋಡ್ರಿ" ಎಂದಳು. ಕೂತೆ. ಕಾಲು ಖಾಲಿಯಲ್ಲಿ ಇಳಿಯಿತು. ಒಂದು ಮೊಳ ನೇಯುವ ಹೊತ್ತಿಗೆ ಗುಂಡಿಗೂ ಇದಕ್ಕೂ ವ್ಯತ್ಯಾಸ ಮರೆತುಹೋಗಿತ್ತು. ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ.

"ಹೆಂಗೈತೆ?"

"ಹೂಂ."

"ಈ ಹೂಂ ಸಾಕು" ಎಂದಳು. ಆ ತಿಂಗಳೇ ಸೈಟು ಮಾರಿ, ಮಂಗಳೂರಿಗೆ ಹೋಗಿ ಫ್ಲ್ಯಾಟಿನ ಕರಾರಿಗೆ ಸಹಿ ಹಾಕಿದೆವು.

ಕಟ್ಟಡ ಮುಗಿಯಲು ಎರಡು ವರ್ಷ ಹಿಡಿಯಿತು. ಮರದ ಕಟ್ಟೆ ಬಿಚ್ಚಿ ಲಾರಿಯಲ್ಲಿ ಹಾಕಿಕೊಂಡು ಹೋದೆವು. ಲಿಫ್ಟಿಗೆ ಹಿಡಿಯದ ತೊಲೆಗಳನ್ನು ಹಮಾಲರು ಮೆಟ್ಟಿಲಲ್ಲಿ ಹೊತ್ತರು, ಇವಳು ಪ್ರತಿ ಮಹಡಿಯಲ್ಲೂ ಅವರಿಗೆ ಮಜ್ಜಿಗೆ ಕೊಟ್ಟಳು. ಕಾಂಕ್ರೀಟಿನ ಮಾಳಿಗೆಗೆ ಜಂತೆ ಎಲ್ಲಿಂದ ಬರಬೇಕು? ಮಗ್ಗದ ಮೇಲಿನ ಹಗ್ಗಗಳನ್ನು ಫ್ಯಾನಿನ ಕೊಕ್ಕೆಗೆ ಕಟ್ಟಿದೆವು. ಹಾಗಾಗಿ ಆ ಕೋಣೆಯಲ್ಲಿ ಫ್ಯಾನಿಲ್ಲ, ಬೆವರೇ ಬೆವರು. ಆದರೆ ನಮ್ಮೂರ ಒಣ ಗಾಳಿಯಲ್ಲಿ ಪಟ್ ಎಂದು ಕಡಿಯುತ್ತಿದ್ದ ಎಳೆ ಅಲ್ಲಿ ಮೆತ್ತಗೆ ಮಾತು ಕೇಳುತ್ತಿತ್ತು.

ಹೊಸ ಸೀರೆಗೆ ಮೊದಲು ಹಾಸಿನ ಎಳೆಗಳನ್ನೆಲ್ಲ ಕೋಲುಗಳಿಗೆ ಹಾಕಿ ಉದ್ದಕ್ಕೆ ಎಳೆದು ಕಟ್ಟಿ, ಹದ ಮಾಡಿ ಸುತ್ತಿಕೊಳ್ಳಬೇಕು. ಮೊಳಕಾಲ್ಮೂರಿನಲ್ಲಿ ಅದನ್ನು ಬೀದಿಯಲ್ಲೇ ಮಾಡುತ್ತೇವೆ. ಓಡಾಡುವವರು ಬಗ್ಗಿ ಹೋಗುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಒಂಬತ್ತನೇ ಮಹಡಿಯ ಉದ್ದನೆಯ ಕಾರಿಡಾರ್ ನಮ್ಮ ಕಣ್ಣಿಗೆ ಬೀದಿಯೇ. ಒಂದು ಭಾನುವಾರ ಬೆಳಕು ಹರಿಯುವಾಗ ನಮ್ಮ ಬಾಗಿಲಿನಿಂದ ಮೆಟ್ಟಿಲ ಕಂಬಿಯವರೆಗೆ ಕೆಂಪು ರೇಷ್ಮೆ ಎಳೆದು ಕಟ್ಟಿದೆವು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ವಾಕಿಂಗಿಗೆಂದು ಬಾಗಿಲು ತೆಗೆದರೆ ಎದೆಮಟ್ಟಕ್ಕೆ ರೇಷ್ಮೆ.

"ಇದೆಂತದು?"

"ಬಗ್ಗಿ ಬರ್ರಿ ಸಾರ್. ನಮ್ಮೂರಾಗೆ ಎತ್ತಿನಗಾಡಿಯವ್ರೂ ಕಾದು ಹೋಗ್ತಾರೆ."

ಅವರು ಬಗ್ಗಿ ಹೋದರು. ಹಾಲು ತೆಗೆದುಕೊಂಡು ತಿರುಗಿ ಬಂದಾಗ ಇವಳು, "ಬಂದ್ರಾ? ಈ ಕೋಲು ಒಂಚೂರು ಹಿಡ್ಕಳ್ರಿ" ಎಂದು ಕೊಟ್ಟುಬಿಟ್ಟಳು. ಅರ್ಧ ಗಂಟೆ ಒಂದು ಕೈಯಲ್ಲಿ ಹಾಲು, ಒಂದು ಕೈಯಲ್ಲಿ ಕೋಲು ಹಿಡಿದು ನಿಂತಿದ್ದರು.

ವಾರದೊಳಗೆ ಫ್ಲ್ಯಾಟಿನವರ ಸಂಘದಿಂದ ಕಾಗದ ಬಂತು. ಕಾರಿಡಾರಿನಲ್ಲಿ ಏನನ್ನೂ ಕಟ್ಟಬಾರದು. ಕೆಳಗೆ ಸಹಿ ಆ ಬ್ಯಾಂಕಿನವರದೇ, ಯಾಕೆಂದರೆ ಸಂಘದ ಕಾರ್ಯದರ್ಶಿ ಅವರೇ. ಕಾಗದ ತಂದುಕೊಟ್ಟವರೂ ಅವರೇ. ಕಾಫಿ ಕುಡಿದು ಏಳುವಾಗ ಕೇಳಿದರು, "ಇನ್ನೊಂದು ಯಾವಾಗ ಎಳೀತೀರಿ?"

"ಕಟ್ಟಬಾರ್ದು ಅಂತ ನೀವೇ ಬರ್ದೀರಲ್ಲ ಸಾರ್?"

"ಕಟ್ಟಬೇಡಿ. ನಾವು ಹಿಡ್ಕೊಳ್ತೇವೆ, ಮಾರಾಯ್ತಿ."

ಆಮೇಲೆ ಪ್ರತಿ ಸಲವೂ ಮೂರ್ನಾಲ್ಕು ಮನೆಯವರು ಬಂದು ಹಿಡಿದರು. ಇವಳು ಅವರಿಗೆ ಮಂಡಕ್ಕಿ ಕಲಸಿ ಕೊಟ್ಟು, ಸರಿಯಾಗಿ ಹಿಡಿಯದವರನ್ನು ಬೈದು ಕೆಲಸ ಮಾಡಿಸಿಕೊಂಡಳು.

ಅವಳು ಆ ಮನೆಯಲ್ಲಿದ್ದದ್ದು ಹದಿನಾಲ್ಕು ತಿಂಗಳು. ಒಂದು ಮಧ್ಯಾಹ್ನ ಎದೆ ನೋವು ಎಂದಳು. ಮಗಳು ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದೆವು. ಮೂರನೆಯ ದಿನ ತೀರಿಕೊಂಡಳು. ನಾನೂ ಮಗಳೂ ಈಗಲೂ ಅಲ್ಲೇ ಇದ್ದೇವೆ. ಮನೆ ಮಾರುತ್ತೀರಾ ಎಂದು ಕೇಳಿದವರಿಗೆ ಇಲ್ಲ ಎಂದಿದ್ದೇನೆ. ಅದು ಅವಳು ಗಾಳಿಯಲ್ಲಿ ಕಂಡು ಮೆಚ್ಚಿಕೊಂಡ ಮನೆ.

ಮಗಳು ಸಂಬಳದಲ್ಲಿ ಒಂದು ಸಣ್ಣ ಕ್ಯಾಮೆರಾ ಕೊಂಡಿದ್ದಳು. ಅದನ್ನು ನನ್ನ ಹೆಂಡತಿ ಯಾರ ಕೈಗೂ ಕೊಡುತ್ತಿರಲಿಲ್ಲ. ಸಮುದ್ರದ್ದು, ಮಗಳದ್ದು, ಮಗ್ಗದಲ್ಲಿ ಕೂತ ನನ್ನದು, ಎಲ್ಲ ಅವಳೇ ತೆಗೆದದ್ದು. ಎಲ್ಲ ರೀಲುಗಳನ್ನೂ ತೊಳೆಸಿ ನೋಡಿದೆವು. ಆ ಮನೆಯಲ್ಲಿ ಅವಳು ಇರುವ ಫೋಟೋ ಒಂದೂ ಇಲ್ಲ.