ಡ್ಯಾಶ್‌ಬೋರ್ಡಿಗೆ ಇಳಿದ ಸ್ಕ್ರೂ

ಕೇಳಿ ಮಿತ್ರರೇ, ಎದೆ ಗಟ್ಟಿಮಾಡಿಕೊಂಡು ಕೇಳಿ! ಆಯುಧಪೂಜೆಯಿಂದ ಮಿಣುಕುತ್ತಿದ್ದ ನನ್ನ ಹಳೇ ಸ್ಪೋರ್ಟ್ಸ್ ಕಾರಿನ ಡಿಜಿಟಲ್ ಮೀಟರು ನಿನ್ನೆ ಪೂರ್ತಿ ಕಣ್ಣು ಮುಚ್ಚಿತು. ಇವತ್ತು ಬೆಳ್ಳೂರಿನ ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಬಿಚ್ಚಿದ. ಫ್ಯೂಸು ಸರಿ, ಬ್ಯಾಟರಿ ಸರಿ. ಮೀಟರಿನ ಹೊಟ್ಟೆಯಲ್ಲಿ ಮಾತ್ರ ಎರಡಿಂಚಿನ ಸ್ಕ್ರೂ!

"ಯಾವನ್ಲಾ ಇದನ್ನ ಒಡ್ದೋನು?" ಮೆಕ್ಯಾನಿಕ್ ಗುಡುಗಿದ.

ಪಕ್ಕದಲ್ಲಿದ್ದ ನನ್ನ ಬಾಮೈದ ಎದೆಯುಬ್ಬಿಸಿದ. "ನಾನೇ ಕಣಣ್ಣ! ಪೂಜೆ ದಿನ ಡ್ಯಾಶ್‌ಬೋರ್ಡ್ ಮ್ಯಾಲೆ ಗಂಜಾಂ ಅಮ್ಮನೋರ ವಿಗ್ರಹ ಕೂರ್ಸುದ್ನಲ್ಲ. ಗಮ್ಮಲ್ಲಿ ಅಂಟ್ಸುದ್ರೆ ಹಳ್ಳ ಬಂದೇಟ್ಗೆ ಬಿದ್ದೋಯ್ತದೆ."

ಮೆಕ್ಯಾನಿಕ್ ನನ್ನ ಕಡೆ ತಿರುಗಿದ. "ಮೀಟ್ರಿನ ಬೋರ್ಡೇ ಸುಟ್ಟೋಗದೆ ಸಾ. ಈ ಮಾಡ್ಲು ಇನ್ನೆಲ್ಲೂ ಸಿಗಕಿಲ್ಲ, ಆಸೆ ಬುಟ್ಬುಡಿ."

ಇಪ್ಪತ್ತು ವರ್ಷ ಮಗುವಿನಂತೆ ನೋಡಿಕೊಂಡ ಕಾರು! ಬಾಮೈದ ನನ್ನ ಭುಜ ತಟ್ಟಿದ. "ವಿಗ್ರಹ ಒಸಿನೂ ಅಲ್ಲಾಡಿಲ್ಲ ನೋಡು ಭಾವ."

ನಿಜ. ಪೆಟ್ರೋಲ್ ಎಷ್ಟಿದೆ, ಎಂಜಿನ್ ಕಾದಿದೆಯೇ ಎಂದು ಇನ್ನು ಆ ತಾಯಿಯನ್ನೇ ಕೇಳಿಕೊಂಡು ಓಡಿಸಬೇಕು.