ಹುತುತು ಕಲಿಸಿದ ಕಾಕಾ

ಅವರ ಬಲಗೈಯ ತೋರುಬೆರಳು ನಡುಗಂಟಿನ ಹತ್ತಿರ ಸೊಟ್ಟಗೆ ತಿರುಗಿತ್ತು. ಹರೆಯದಲ್ಲಿ ಯಾರದೋ ಕಾಲು ಹಿಡಿಯಲು ಹೋಗಿ ಮುರಿದುಕೊಂಡದ್ದು. ನಾಟಿ ವೈದ್ಯರು ಕಟ್ಟಿದ ಪಟ್ಟಿಯನ್ನು ಎಂಟೇ ದಿನಕ್ಕೆ ಬಿಚ್ಚಿ ಮತ್ತೆ ಆಟಕ್ಕೆ ಇಳಿದಿದ್ದರಂತೆ. ಬೆರಳು ಹಾಗೇ ಕೂಡಿಬಿಟ್ಟಿತು. ಆ ಬೆರಳಿನಿಂದ ನನ್ನನ್ನು ತೋರಿಸಿ "ನೀ ಏಳು" ಅಂದರೆ ನನ್ನ ಪಕ್ಕದಲ್ಲಿ ಕೂತ ಫಿಲೋಮಿನಾ ಎದ್ದು ನಿಲ್ಲುತ್ತಿದ್ದಳು.

"ನೀ ಅಲ್ಲs ಯವ್ವಾ! ಬೆರಳು ಯಾಕ ನೋಡ್ತಿ? ನನ್ನ ಕಣ್ಣು ನೋಡು!"

ಕಣ್ಣು ನೋಡೋಣವೆಂದರೆ ಅದೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವರೇ ಒಂದು ಕಡೆ ನಿಲ್ಲುತ್ತಿರಲಿಲ್ಲ. ಐವತ್ತು ದಾಟಿದ ಮನುಷ್ಯ, ಖಾಕಿ ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಮಡಚಿ, ಕೆಂಪು ಮಣ್ಣಿನ ಅಂಗಳದಲ್ಲಿ ನಮಗಿಂತ ಹೆಚ್ಚು ಕುಣಿಯುತ್ತಿದ್ದರು.

ಅವರು ನಮ್ಮ ಹಳಿಯಾಳದ ಕಾಲೇಜಿನ ಸಿಪಾಯಿ. ಗಂಟೆ ಬಾರಿಸುವುದು, ಹಾಜರಿ ಪುಸ್ತಕ ಕ್ಲಾಸಿನಿಂದ ಕ್ಲಾಸಿಗೆ ಒಯ್ಯುವುದು, ಸಂಜೆ ಐದಕ್ಕೆ ಎಲ್ಲ ಕೋಣೆಗಳಿಗೂ ಕೀಲಿ ಹಾಕುವುದು ಅವರ ಕೆಲಸ. ಆಟ ಕಲಿಸುವ ಸರ್ ಹುದ್ದೆ ನಾನು ಸೇರುವ ಮೊದಲಿನಿಂದಲೂ ಖಾಲಿ ಇತ್ತು. ಹುಡುಗಿಯರ ಕಬಡ್ಡಿ ತಂಡವನ್ನು ಕಟ್ಟಿದ್ದು, ಕಲಿಸಿದ್ದು, ಬೈದದ್ದು, ಬಿದ್ದಾಗ ಅರಿಶಿನ ಹಚ್ಚಿದ್ದು ಎಲ್ಲ ಇವರೇ. ನಾವು ಕಾಕಾ ಅನ್ನುತ್ತಿದ್ದೆವು. ಪ್ರಿನ್ಸಿಪಾಲರೂ ಸಿಟ್ಟು ಬಂದಿಲ್ಲದಿದ್ದರೆ ಕಾಕಾ ಅಂತಲೇ ಕರೆಯುತ್ತಿದ್ದರು.

ಊರು ರಾಮನಗರ, ಮನೆಮಾತು ಮರಾಠಿ. ಚಿಕ್ಕಂದಿನಲ್ಲಿ ಅವರು ಆಡಿದ್ದು ಕಬಡ್ಡಿಯಲ್ಲ, ಹುತುತು. ಆಟ ಅದೇ. ಎದುರಾಳಿಯ ಅಂಗಳಕ್ಕೆ ಒಬ್ಬಳೇ ನುಗ್ಗಬೇಕು, ಒಂದೇ ಉಸಿರಿನಲ್ಲಿ ಯಾರನ್ನಾದರೂ ಮುಟ್ಟಿ, ಉಸಿರು ಮುರಿಯುವ ಮೊದಲು ನಡುಗೆರೆ ದಾಟಿ ವಾಪಸಾಗಬೇಕು. ಆದರೆ ಬಾಯಲ್ಲಿ ಮಾತ್ರ "ಕಬಡ್ಡಿ ಕಬಡ್ಡಿ" ಬದಲು "ಹುತುತುತುತು". ಇದರ ಬಗ್ಗೆ ಅವರದು ದೊಡ್ಡ ವಾದ.

"ಕಬಡ್ಡಿ ಅಂದ್ರ ಬಾಯಿ ಮುಚ್ಚಿ ತೆಗೀಬೇಕು, ಪ್ರತಿ ಸಲ ಚೂರು ಉಸಿರು ಸೋರತೈತಿ. ಹುತುತು ಅಂದ್ರ ನಾಲಿಗಿ ತುದಿ ಅಷ್ಟ ಕೆಲಸ. ಅರ್ಧ ಉಸಿರು ಉಳೀತೈತಿ. ಬರೋಬರ್?"

"ಬರೋಬರ್ ಕಾಕಾ," ಅನ್ನುತ್ತಿದ್ದೆವು. ಅವರು ಗಂಟೆ ಬಾರಿಸಿದರೆ ಅದರ ನಾದ ಪೂರ್ತಿ ಅಡಗುವವರೆಗೆ ನಾವು ಎಲ್ಲಿದ್ದರೂ ಒಂದೇ ಉಸಿರಿನಲ್ಲಿ ಹುತುತು ಅನ್ನಬೇಕೆಂಬ ಕಟ್ಟಪ್ಪಣೆ ಇತ್ತು. ಒಮ್ಮೆ ಇತಿಹಾಸದ ಕ್ಲಾಸು ಮುಗಿದ ಗಂಟೆ ಹೊಡೆದಾಗ ಫಿಲೋಮಿನಾ ಬೆಂಚಿನಲ್ಲೇ ಶುರು ಮಾಡಿದಳು. ಇನ್ನೂ ಪಾಠ ಮುಗಿಸಿರದ ಸರ್ "ಯಾರವ್ವಾ ಅದು, ಹೊರಗ ನಡಿ" ಅಂದರು. ಅವಳು ಹುತುತು ನಿಲ್ಲಿಸದೆಯೇ ಹೊರಗೆ ನಡೆದಳು. ಉಸಿರು ಮುರಿದರೆ ಕಾಕಾ ಬಿಡುತ್ತಿರಲಿಲ್ಲವಲ್ಲ!

ಆ ದಿನಗಳಲ್ಲಿ ನಮ್ಮ ಕಾಲೇಜು ಕರಾವಳಿ ವಲಯದಲ್ಲಿತ್ತು. ನಾನು ಸೇರುವ ಮೊದಲಿನಿಂದಲೂ ತಂಡ ವರ್ಷಕ್ಕೊಮ್ಮೆ ಘಟ್ಟ ಇಳಿದು ಹೋಗುತ್ತಿತ್ತು, ಕಪ್ ಹಿಡಿದು ಘಟ್ಟ ಹತ್ತುತ್ತಿತ್ತು. ಖರೆ ಹೇಳಬೇಕೆಂದರೆ, ಅಲ್ಲಿ ಹುಡುಗಿಯರ ಕಬಡ್ಡಿಗೆ ಬರುತ್ತಿದ್ದದ್ದೇ ಮೂರು ತಂಡ. ನಾವು ಗೆದ್ದದ್ದಕ್ಕಿಂತ ಉಳಿದವರು ಬಾರದೇ ಇದ್ದದ್ದೇ ಹೆಚ್ಚು. ಅಂಪೈರುಗಳೆಲ್ಲ ಪರಿಚಯದವರು. ನಾವು ಹುತುತು ಅಂದರೆ "ಕಾಕಾನ ಹುಡುಗಿಯರು" ಎಂದು ನಕ್ಕು ಸುಮ್ಮನಾಗುತ್ತಿದ್ದರು. ನಾನಂತೂ ನಾನೊಬ್ಬ ಮಹಾ ಆಟಗಾರ್ತಿ ಅಂತಲೇ ತಿಳಿದುಕೊಂಡಿದ್ದೆ.

ನಾನು ಎರಡನೇ ವರ್ಷದಲ್ಲಿದ್ದಾಗ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ವಲಯಗಳನ್ನು ಹೊಸದಾಗಿ ಹಂಚಿದ್ದರು. ಇನ್ನು ಮುಂದೆ ನಾವು ಧಾರವಾಡ ವಲಯ. ಅಲ್ಲಿ ಹದಿನೈದು ಇಪ್ಪತ್ತು ತಂಡ, ಹಾಸ್ಟೆಲಿನಲ್ಲಿ ಇಟ್ಟು ಬೆಳಗ್ಗೆ ಸಂಜೆ ತಯಾರು ಮಾಡಿದ ಹುಡುಗಿಯರು, ಮಣ್ಣಿನ ಬದಲು ರಬ್ಬರ್ ಮ್ಯಾಟು, ಕಾಲಿಗೆ ಶೂ. ಸುದ್ದಿ ಕೇಳಿ ನಾನು ಅಂಗಳದಲ್ಲೇ ಕುಸಿದು ಕೂತೆ. ಕಾಕಾ ಮಾತ್ರ ಸುತ್ತೋಲೆಯ ಕಾಗದ ಹಿಡಿದು ಓಡಿ ಬಂದರು, ಮದುವೆ ಕಾರ್ಡು ತಂದವರ ಹಾಗೆ.

"ಹತ್ತಿತು ನೋಡ್ರಿ ಲಾಟ್ರಿ!"

"ಯಾವ ಲಾಟ್ರಿ ಕಾಕಾ? ನಮ್ಮನ್ನ ಹರಕೊಂಡು ತಿಂತಾರ ಅವರು," ಅಂದೆ ನಾನು. "ಇಲ್ಲಿ ಪ್ರತಿ ವರ್ಷ ಕಪ್ ಬರ್ತಿತ್ತು."

"ಕಪ್ ಬರ್ತಿತ್ತು. ಆಟ ಎಲ್ಲಿ ಬರ್ತಿತ್ತು? ನೀವು ಇಷ್ಟ ದಿನ ಆಡೇ ಇಲ್ಲ ಯವ್ವಾ, ಬರೇ ಹೋಗಿ ಕಪ್ ತಂದೀರಿ. ಈಗ ನೋಡ್ರಿ ಖರೇ ಆಟ!"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ದಿನ ಆಟಕ್ಕೇ ಹೋಗಲಿಲ್ಲ. ನನ್ನ ಸಿಟ್ಟು ಹಾಗೇ, ಬಂದರೆ ಇಳಿಯುವುದಿಲ್ಲ. ನಾಲ್ಕನೇ ದಿನ ಕಾಕಾ ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ಬಂದವರು ನನ್ನ ಬೆಂಚಿನ ಹತ್ತಿರ ನಿಂತು, ಪುಸ್ತಕ ನೋಡುವ ನಾಟಕ ಮಾಡುತ್ತಾ, "ಸಂಜೀಕ ಬರ್ತಿಯೋ, ನಿನ್ನ ಜಾಗಾಕ್ಕ ನಾನs ರಿಬ್ಬನ್ ಕಟ್ಟಿಕೊಂಡು ನಿಲ್ಲಲ್ಯೋ?" ಅಂದರು. ನಗು ತಡೆಯಲಾಗದೆ ಹೋದೆ.

ಹೋದಾಗ ಗೊತ್ತಾಯಿತು, ವಿಷಯ ಬರೀ ಕಪ್ಪಿನದಾಗಿರಲಿಲ್ಲ. ಪ್ರಿನ್ಸಿಪಾಲರು ಕಾಕಾನನ್ನು ಕರೆದು ಸ್ಪಷ್ಟವಾಗಿ ಹೇಳಿದ್ದರಂತೆ: "ನೋಡ್ರಿ, ಅಲ್ಲಿ ಹೋಗಿ ಮಾನ ಕಳಕೊಳ್ಳೂದು ಬ್ಯಾಡ. ಈ ವರ್ಷ ಒಂದು ಮ್ಯಾಚಾದ್ರೂ ಗೆದ್ದು ಬರ್ರಿ. ಇಲ್ಲಂದ್ರ ಹುಡುಗ್ಯಾರ ತಂಡ ಇಲ್ಲಿಗೆ ಸಾಕು." ಕಾಕಾ ನಮ್ಮನ್ನು ಒಂದು ಮಾತೂ ಕೇಳದೆ ಹೂಂ ಅಂದು ಬಂದಿದ್ದರು. ಒಂದು ಮ್ಯಾಚು. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗಿಯರು ಕಾಲೇಜಿಗೆ ಬರುತ್ತಿದ್ದದ್ದೇ ಆ ಅಂಗಳಕ್ಕಾಗಿ. ಪಾಠ ಆಮೇಲೆ. ಫಿಲೋಮಿನಾ ಜೋಯಿಡಾ ರಸ್ತೆಯ ಒಂದು ಹಾಡಿಯಿಂದ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿ ಜನರ ಹಾಡಿ ಅದು, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ತಂಡ ಇಲ್ಲದಿದ್ದರೆ ಮನೆಯಲ್ಲಿ ಏನು ಹೇಳಿ ಬರಬೇಕು ಅಂತ ಅವಳು ಅವತ್ತು ಅಳುವುದೊಂದೇ ಬಾಕಿ.

ಧಾರವಾಡಕ್ಕೆ ಹೋದ ದಿನ ಏಳರ ಬಸ್ಸಿನಲ್ಲಿ ಕಾಕಾನೂ ಬಂದರು, ಅರ್ಧ ದಿನದ ರಜೆ ಹಾಕಿ. ತಂಡದ ವ್ಯವಸ್ಥಾಪಕರೆಂದು ಬೆಂಚಿನ ಮೇಲೆ ಕೂತದ್ದು ಇತಿಹಾಸದ ಸರ್. ಕಾಕಾನನ್ನು ಒಳಗೆ ಬಿಡಲಿಲ್ಲ, ಹಗ್ಗದ ಹೊರಗೆ ನಿಂತರು. ನಮಗೆ ಮೂರು ಮ್ಯಾಚು ಇದ್ದವು.

ಮೊದಲನೆಯದರಲ್ಲಿ ನಾನೇ ಮೊದಲು ನುಗ್ಗಿದೆ. "ಹುತುತುತುತು..." ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸೀಟಿ! ಅಂಪೈರ್ ಕೈ ಎತ್ತಿ ನಿಂತಿದ್ದರು.

"ಏನದು? ಏನಂದಿ ಬಾಯಾಗ?"

"ಹುತುತು ರೀ ಸರ್."

"ಹಂಗಂದ್ರ ಏನು? ಇದು ಕಬಡ್ಡಿ. ಕಬಡ್ಡಿ ಅನ್ನಬೇಕು, ನನಗ ಕೇಳಬೇಕು. ನಡಿ ಹಿಂದಕ್ಕ. ಅವರಿಗೆ ಒಂದು ಪಾಯಿಂಟು."

ನಾಲಿಗೆ ಎಲ್ಲಿ ಕೇಳುತ್ತದೆ! ಎಷ್ಟೋ ತಿಂಗಳು ಗಂಟೆಯ ಜೊತೆ ತಿದ್ದಿದ ನಾಲಿಗೆ ಅದು. "ಕಬಡ್ಡಿ" ಅಂತ ಶುರು ಮಾಡುತ್ತಿದ್ದೆವು, ಎದುರಿನವಳು ಕೈ ಚಾಚಿದ ಕೂಡಲೇ "ಹುತುತು" ಆಗಿಬಿಡುತ್ತಿತ್ತು. ಸೀಟಿಯ ಮೇಲೆ ಸೀಟಿ. ಜೊತೆಗೆ ಮ್ಯಾಟಿನ ಮೇಲೆ ಶೂ ಹಿಡಿದು ನಿಂತು, ಕಾಲು ಮುಂದೆ ಹೋಗುತ್ತಲೇ ಇರಲಿಲ್ಲ. ಹೀನಾಯವಾಗಿ ಸೋತೆವು. ಪ್ರೇಕ್ಷಕರಲ್ಲಿ ಕೆಲವರು "ಹುತುತು! ಹುತುತು!" ಎಂದು ಕೂಗಿ ಅಣಕಿಸುತ್ತಿದ್ದರು.

ಹೊರಗೆ ಬಂದರೆ ಕಾಕಾ ತಲೆಯ ಮೇಲೆ ಎರಡೂ ಕೈ ಇಟ್ಟು ನೆಲದ ಮೇಲೆ ಕೂತಿದ್ದರು. ಅವರನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ. "ಅರೆ ದೇವಾ," ಅಂದರು, "ನಿಮ್ಮ ತಪ್ಪಲ್ಲ ಯವ್ವಾ. ನನ್ನ ನಾಲಿಗಿ ನಿಮ್ಮ ಬಾಯಾಗಿಟ್ಟು ಕಳಿಸಿಬಿಟ್ಟೆ." ಒಂದೇ ನಿಮಿಷ. ಆಮೇಲೆ ಪ್ಯಾಂಟು ಝಾಡಿಸಿಕೊಂಡು ಎದ್ದರು. "ಏಳ್ರಿ! ಈಗಿಂದ ಯಾರ ಬಾಯಾಗೂ ಕಬಡ್ಡಿ ಬಿಟ್ಟು ಬ್ಯಾರೆ ಮಾತು ಬರಬಾರದು. ಮೊದಲ ಕಬಡ್ಡಿ, ಆಮ್ಯಾಲ ಮಾತು. ಇಲ್ಲಂದ್ರ ನಾ ಓ ಅನ್ನಂಗಿಲ್ಲ."

ಚಹಾದಂಗಡಿಯಲ್ಲಿ ನಮ್ಮ ಅವತಾರ ನೋಡಬೇಕಿತ್ತು. "ಕಬಡ್ಡಿ ಕಬಡ್ಡಿ, ಎಂಟು ಚಹಾ ಕೊಡ್ರಿ." "ಕಬಡ್ಡಿ ಕಬಡ್ಡಿ ಕಾಕಾ, ಕಬಡ್ಡಿ ಕಬಡ್ಡಿ, ಇದರಾಗ ಸಕ್ಕರಿನ ಇಲ್ಲ!" ಅಂಗಡಿಯವನು ಗ್ಲಾಸು ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತಿದ್ದ. ಅಲ್ಲೇ ಯಾರೋ ಒಬ್ಬರು ಫಿಲೋಮಿನಾಳ ಗುಂಗುರು ಕೂದಲು ನೋಡಿ, "ಈಕಿ ಯಾವ ದೇಶದಾಕಿ ರೀ?" ಎಂದು ಕೇಳಿದರು.

"ಹಳಿಯಾಳ ದೇಶದಾಕಿ," ಅಂದರು ಕಾಕಾ ತಟ್ಟನೆ. "ಪಾಸ್‌ಪೋರ್ಟ್ ನೋಡ್ತೀರೇನು? ತಂಗಿ, ಬಸ್ ಪಾಸ್ ತೋರಿಸು."

ಫಿಲೋಮಿನಾ ನಗುತ್ತಾ, "ಕಬಡ್ಡಿ ಕಬಡ್ಡಿ, ತೊಗೊಳ್ರಿ," ಎಂದು ನಿಜವಾಗಿಯೂ ಪಾಸು ತೆಗೆದು ತೋರಿಸಿದಳು.

ಎರಡನೇ ಮ್ಯಾಚಿನಲ್ಲಿ ಹುತುತು ಅಂದದ್ದು ಎರಡೇ ಸಲ. ಎರಡೂ ನಾನೇ. ಶೂ ಸ್ವಲ್ಪ ಮಾತು ಕೇಳತೊಡಗಿದ್ದವು. ಫಿಲೋಮಿನಾ ಮೂಲೆಯಲ್ಲಿ ನಿಂತು ಬಂದವರ ಕಾಲು ಕಾಲನ್ನೇ ಹಿಡಿದು ಹಾಕಿದಳು. ಕೊನೆಯವರೆಗೂ ಜಗ್ಗಾಡಿ, ಮೂರೇ ಪಾಯಿಂಟಿನಿಂದ ಸೋತೆವು. ನಾನು ಅಳುತ್ತಾ ಹೊರಗೆ ಬಂದರೆ ಕಾಕಾ ಹಗ್ಗದಾಚೆ ಜಿಗಿಯುತ್ತಿದ್ದರು!

"ಎಂಥಾ ಸೋಲು! ಎಂಥಾ ಸೋಲು ಯವ್ವಾ! ಇಂಥಾದ್ದೊಂದು ಸೋಲಿಗೆ ಆ ಹತ್ತು ಕಪ್ ಕೊಟ್ಟರೂ ಕಡಿಮಿ!"

ಆದರೆ ಅವರ ಅರ್ಧ ದಿನ ಮುಗಿದಿತ್ತು. ಐದಕ್ಕೆ ಕಾಲೇಜಿಗೆ ಕೀಲಿ ಹಾಕಬೇಕು. ನನ್ನ ನೆತ್ತಿಯ ಮೇಲೆ ಆ ಸೊಟ್ಟ ಬೆರಳಿನ ಕೈ ಇಟ್ಟು, "ಬಾಯಾಗ ಕಬಡ್ಡಿ, ಹೊಟ್ಯಾಗ ಉಸಿರು. ಇಷ್ಟ ಇಟ್ಕೋ. ಬರ್ತೇನಿ," ಅಂದು ಬಸ್ಸಿಗೆ ಓಡಿದರು. ತಂಡ ಉಳಿಯುತ್ತದೋ ಇಲ್ಲವೋ ಎಂದು ತೀರ್ಮಾನವಾಗುವ ಮ್ಯಾಚನ್ನೇ ಅವರು ನೋಡಲಿಲ್ಲ.

ಅಬ್ಬಾ, ಆ ಮೂರನೇ ಮ್ಯಾಚು! ಒಮ್ಮೆ ಅವರು ಮುಂದೆ, ಒಮ್ಮೆ ನಾವು ಮುಂದೆ. ಕೊನೆಯ ನಿಮಿಷಕ್ಕೆ ಎರಡೂ ತಂಡ ಸಮಸಮ. ಕೊನೆಯ ರೇಡು ನಮ್ಮದು, ಹೋಗಬೇಕಾದವಳು ನಾನು. ಕಬಡ್ಡಿ ಕಬಡ್ಡಿ ಎಂದು ನುಗ್ಗಿದೆ. ಬಲಕ್ಕೆ ಹೋದಂತೆ ಮಾಡಿ ಎಡಮೂಲೆಯವಳ ಭುಜ ಮುಟ್ಟಿದೆ. ಹಿಂದಿನಿಂದ ಯಾರೋ ಸೊಂಟ ಹಿಡಿದರು, ಕೊಸರಿಕೊಂಡೆ, ಬಿದ್ದೆ, ಕೈ ಚಾಚಿದೆ. ಗೆರೆ ಇನ್ನೂ ಒಂದು ಗೇಣು ದೂರವಿದ್ದಾಗ ನನ್ನ ಉಸಿರು ಮುರಿಯಿತು. ಹೌದು, ಮುರಿಯಿತು. ಒಂದು ಸಲ ಹಕ್ಕನೆ ಗಾಳಿ ಎಳೆದುಕೊಂಡು, ಮತ್ತೆ ಕಬಡ್ಡಿ ಅಂದು, ಗೆರೆ ಮುಟ್ಟಿದೆ. ಸುತ್ತ ಎಲ್ಲರೂ ಕಿರುಚುತ್ತಿದ್ದರು. ಅಂಪೈರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ನಾನು ಔಟು, ಪಾಯಿಂಟು ಅವರಿಗೆ, ತಂಡ ಬಂದ್. ಸೀಟಿ ಊದಿ ಅವರು ಕೈ ತೋರಿಸಿದ್ದು ನಮ್ಮ ಕಡೆಗೆ. ಒಂದು ಪಾಯಿಂಟಿನಿಂದ ಗೆದ್ದಿದ್ದೆವು.

ಹುಡುಗಿಯರು ನನ್ನನ್ನು ಎತ್ತಿಕೊಂಡು ಕುಣಿದರು. ಎದುರಿನ ತಂಡದ ಎಡಮೂಲೆಯವಳು ನನ್ನನ್ನೇ ನೋಡುತ್ತಾ ನಿಂತಿದ್ದಳು. ಅವಳಿಗೆ ಕೇಳಿಸಿತ್ತು ಅಂತ ನನಗೆ ಅನಿಸಿತು. ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ.

ಬಸ್ಸು ಹಳಿಯಾಳ ಮುಟ್ಟುವ ಹೊತ್ತಿಗೆ ಕಾಕಾ ಕಾಲೇಜಿಗೆ ಕೀಲಿ ಹಾಕಿ ಗೇಟಿನ ಹೊರಗೆ ಕೂತಿದ್ದರು. ಫಿಲೋಮಿನಾ ದೂರದಿಂದಲೇ ಕೂಗಿದಳು: "ಕಬಡ್ಡಿ ಕಬಡ್ಡಿ ಕಾಕಾ, ಗೆದ್ವಿ!" ಆ ಮನುಷ್ಯ ಎದ್ದು ಗೇಟಿನ ಕೀಲಿ ತೆಗೆದು ನಮ್ಮನ್ನೆಲ್ಲ ಒಳಗೆ ಎಳೆದುಕೊಂಡರು. "ಹೇಳಬ್ಯಾಡ್ರಿ! ಆಡಿ ತೋರಿಸ್ರಿ! ಕಡೀ ರೇಡು ಯಾರು ಹ್ವಾದ್ರಿ?"

ನಮ್ಮವರನ್ನೇ ಎದುರಾಳಿಗಳ ಜಾಗದಲ್ಲಿ ನಿಲ್ಲಿಸಿದರು. ನಾನು ಮತ್ತೆ ನುಗ್ಗಿದೆ, ಮುಟ್ಟಿದೆ, ಬಿದ್ದೆ, ಕೈ ಚಾಚಿ ಗೆರೆ ಮುಟ್ಟಿದೆ. ಕಾಕಾ ಗೆರೆಯ ಹತ್ತಿರ ಬಗ್ಗಿ ನಿಂತಿದ್ದರು. ನನ್ನ ಬಾಯಿಯನ್ನೇ ನೋಡಿ, ಆಮೇಲೆ ಚಪ್ಪಾಳೆ ತಟ್ಟಿ "ಭಲೇ! ತಂಡ ಉಳೀತು!" ಎಂದು ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. ಈಗ ಹೇಳಲೋ ಬೇಡವೋ, ಈ ಖುಷಿ ಹೇಗೆ ಕೆಡಿಸಲಿ ಎಂದು ನುಂಗಿಕೊಂಡೆ.

ಮರುದಿನದಿಂದ ನನಗೆ ಹಿಡಿದ ಶನಿ ವರ್ಷಪೂರ್ತಿ ಬಿಡಲಿಲ್ಲ. ಉಳಿದವರು ಅಂಗಳ ಹತ್ತು ಸುತ್ತು ಓಡಿದರೆ ನಾನು ಇಪ್ಪತ್ತು. ಗಂಟೆ ಬಾರಿಸಿದರೆ ಉಳಿದವರಿಗೆ ಒಂದು ಹೊಡೆತದ ನಾದ ಅಡಗುವಷ್ಟು ಉಸಿರು, ನನಗೆ ಎರಡು ಹೊಡೆತದಷ್ಟು, ಅದೂ ಕಬಡ್ಡಿ ಎಂದು ಸ್ಪಷ್ಟವಾಗಿ. "ನನಗಷ್ಟs ಯಾಕ?" ಎಂದು ಜಗಳ ಆಡಿದೆ. "ನೀ ಕ್ಯಾಪ್ಟನ್ ಅಲ್ಲೇನು," ಅಂದು ನಕ್ಕುಬಿಟ್ಟರು. ಮುಂದಿನ ವರ್ಷ ಅದೇ ವಲಯದಲ್ಲಿ ನಾಲ್ಕು ಮ್ಯಾಚು ಗೆದ್ದು ಸೆಮಿಫೈನಲ್ ಮುಟ್ಟಿದೆವು. ಹಿಂದಿನ ವರ್ಷದ ಮೂರನೇ ಮ್ಯಾಚಿನ ಆ ತಂಡವನ್ನೂ ಸೋಲಿಸಿದೆವು, ಹನ್ನೊಂದು ಪಾಯಿಂಟಿನಿಂದ. ಫಿಲೋಮಿನಾ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಕರಾವಳಿ ವಲಯದಲ್ಲೇ ಕಪ್ ಎತ್ತುತ್ತಾ ಇದ್ದಿದ್ದರೆ ಅವಳನ್ನು ಯಾರು ನೋಡುತ್ತಿದ್ದರು?

ನಾನೀಗ ಮುಂಡಗೋಡದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹೋದ ವರ್ಷ ಕಾಕಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾರೆ, ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ ಎಂದು ಸುದ್ದಿ ಬಂತು. ಅವರು ತೀರಿಕೊಳ್ಳುವ ಎಂಟು ದಿನ ಮೊದಲು ಹೋಗಿ ನೋಡಿದೆ. ಮಂಚದ ಪಕ್ಕ ಕೂತು, ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. "ಕಾಕಾ, ಆ ಕಡೀ ರೇಡಿನಾಗ ನನ್ನ ಉಸಿರು ಮುರಿದಿತ್ತು. ನಾವು ಗೆದ್ದಿರಲಿಲ್ಲ."

ಅವರು ಆಶ್ಚರ್ಯಪಡಲೇ ಇಲ್ಲ.

"ಗೊತ್ತೈತಿ," ಅಂದರು. "ಅಂಗಳದಾಗ ಆಡಿ ತೋರಿಸಿದ್ಯಲ್ಲಾ, ಅಲ್ಲೂ ಗೇಣು ದೂರ ಇರೂವಾಗ ಮುರದಿ."

"ಮತ್ತ ಅವತ್ತs ಯಾಕ ಬೈಲಿಲ್ಲ?"

"ಬೈದಿದ್ದರ ನೀ ಆಟಾನ ಬಿಡ್ತಿದ್ದಿ. ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು? ಅದಕ್ಕs ವರ್ಷಪೂರ್ತಿ ಇಪ್ಪತ್ತು ಸುತ್ತು ಓಡಿಸಿದೆ."

ಹೌದು, ಬಿಟ್ಟುಬಿಡುತ್ತಿದ್ದೆ.